ಚಾಳಿನ ಅಹವಾಲೂ ಹೋಟೆಲ್ ಕಾರ್ಮಿಕನ ಹೆಸರೂ

ಪರೇಲನ್ನೂ ಪ್ರಭಾದೇವಿಯನ್ನೂ ಜೋಡಿಸುತ್ತಿದ್ದ ಎಲ್ಫಿನ್‌ಸ್ಟನ್ ಸೇತುವೆಯನ್ನು 2025ರ ಸೆಪ್ಟೆಂಬರ್ 12ರ ರಾತ್ರಿ ಮುಚ್ಚಿದ ಮೇಲೆ ಈ ಭಾಗದ ಬೀದಿಗಳಿಗೆ ಒದಗಿದ ಅವಸ್ಥೆಯನ್ನು ನಮ್ಮ ಕಾರ್ಮಿಕ ಬಂಧುಗಳಿಗೆ ವಿವರಿಸಿ ಹೇಳಬೇಕಾಗಿಲ್ಲ. ದಾದರಿನ ಟಿಳಕ್ ಸೇತುವೆಯ ಮೇಲೂ ಕರಿ ರೋಡ್ ಸೇತುವೆಯ ಮೇಲೂ ಮೋಟಾರುಗಳು ಒಂದರ ಬಾಲಕ್ಕೆ ಒಂದು ಅಂಟಿಕೊಂಡು ನಿಂತವು. ಪಡುವಣ ಬದಿಯಿಂದ ಕೆ.ಇ.ಎಂ., ಟಾಟಾ ಆಸ್ಪತ್ರೆಗಳಿಗೆ ಬರುವ ರೋಗಿಗಳು ಸುತ್ತಿ ಬಳಸಿ ಬರಬೇಕಾಯಿತು. ಹತ್ತು ಗಂಟೆಯ ತರಕಾರಿ ಟೆಂಪೊ ಹನ್ನೊಂದೂವರೆಗೆ ಬಂದರೆ ಊಟದ ಹೊತ್ತಿಗೆ ಪಲ್ಯವಿಲ್ಲ. ಗಿರಾಕಿಯ ಬೈಗುಳ ಮಾಣಿಯ ಪಾಲಿಗೆ, ಧಣಿಯ ಬೈಗುಳ ಅಡಿಗೆಯವರ ಪಾಲಿಗೆ.

ಸೇತುವೆ 1913ರದು. ಹಳತಾಗಿತ್ತು, ಕೆಡವಬೇಕಿತ್ತು ಎಂಬುದರಲ್ಲಿ ನನಗೆ ತಕರಾರಿಲ್ಲ. ಅದರ ಜಾಗದಲ್ಲಿ ಎರಡು ಅಂತಸ್ತಿನ ಸೇತುವೆಯ ಯೋಜನೆ: ಮೇಲಿನದು ಅಟಲ್ ಸೇತುವೆಯಿಂದ ಶಿವ್ಡಿಗೆ ಇಳಿದ ಮೋಟಾರುಗಳು ತಡೆಯಿಲ್ಲದೆ ವರ್ಲಿ ಸೇರಲು, ಕೆಳಗಿನದು ನಮ್ಮಂಥವರಿಗೆ. ಯಾರು ಮೇಲೆ ಯಾರು ಕೆಳಗೆ ಎಂಬುದನ್ನು ನಕ್ಷೆ ಬರೆದವರು ಚೆನ್ನಾಗಿ ಬಲ್ಲರು. ಇರಲಿ.

ನಾನು ಹೇಳಹೊರಟದ್ದು ಬೇರೆ. ಈ ಸೇತುವೆಯನ್ನು ಮುಚ್ಚಲು ಮೊದಲು ಗೊತ್ತುಮಾಡಿದ್ದು 2025ರ ಏಪ್ರಿಲ್ ತಿಂಗಳಲ್ಲಿ. ಆಗ ಅದು ನಿಂತುಹೋಯಿತು. ನಿಲ್ಲಿಸಿದವರು ದೊಡ್ಡ ವಕೀಲರಲ್ಲ, ಸುತ್ತಲಿನ ಹಳೆಯ ಕಟ್ಟಡಗಳಲ್ಲಿ ಒಂದೊಂದು ಖೋಲಿಯಲ್ಲಿ ಸಂಸಾರ ಮಾಡುತ್ತಿದ್ದ ಬಾಡಿಗೆದಾರರು. ಲಕ್ಷ್ಮೀ ನಿವಾಸ, ಹಾಜಿ ನೂರಾನಿ ಚಾಳು ಎಂಬ ಎರಡು ಕಟ್ಟಡಗಳು ಹೊಸ ಸೇತುವೆಯ ದಾರಿಗೆ ಅಡ್ಡವಾಗಿದ್ದವು. ‘ಮೊದಲು ನಮ್ಮ ಮನೆ ಎಲ್ಲಿ ಎಂದು ಹೇಳಿ, ಆಮೇಲೆ ಸೇತುವೆ ಕೆಡವಿ’ ಎಂದು ಜನ ರಸ್ತೆಯಲ್ಲಿ ನಿಂತರು. ಪಕ್ಷಭೇದವಿಲ್ಲದೆ ಮುಖಂಡರು ಅಲ್ಲಿಗೆ ಬರಬೇಕಾಯಿತು. ಇದೇ ಪರಿಸರದಲ್ಲಿ ಮನೆ ಕೊಡುತ್ತೇವೆಂದು ಕೊನೆಗೆ ಸರಕಾರ ಒಪ್ಪಬೇಕಾಯಿತು. ಕೊಟ್ಟ ಮಾತು ಪೂರ್ತಿಯಾಗಿ ಕೈಗೆ ಬರುವವರೆಗೆ ಬೆನ್ನು ಬಿಡಬಾರದು, ನಿಜ. ಆದರೂ ಐದು ತಿಂಗಳು ಒಂದು ದೊಡ್ಡ ಯೋಜನೆಯನ್ನು ತಡೆದು ನಿಲ್ಲಿಸಿದ್ದು ಸಣ್ಣ ಕೆಲಸವಲ್ಲ.

ಅವರ ಮಾತು ನಡೆದದ್ದು ಹೇಗೆ? ಇದೇ ಸೇತುವೆಯ ಬುಡದಲ್ಲಿ 2017ರ ಸೆಪ್ಟೆಂಬರ್ 29ರಂದು ರೈಲ್ವೆ ನಿಲ್ದಾಣದ ಇಕ್ಕಟ್ಟಾದ ಮೆಟ್ಟಿಲಲ್ಲಿ 23 ಜನ ಕಾಲ್ತುಳಿತಕ್ಕೆ ಸಿಕ್ಕಿ ಸತ್ತರು. ಆ ಪಾದಚಾರಿ ಸೇತುವೆ ಸಾಲದು ಎಂದು ಅದಕ್ಕೆ ಮುಂಚೆಯೇ ಸಂಸದರಿಂದ ರೈಲ್ವೆ ಮಂತ್ರಿಗಳಿಗೆ ಪತ್ರಗಳು ಹೋಗಿದ್ದವು. ಸತ್ತ ಮೇಲೆ ಸೈನ್ಯದವರು ಬಂದು 2018ರ ಫೆಬ್ರವರಿಯೊಳಗೆ ಹೊಸ ಸೇತುವೆ ಕಟ್ಟಿಕೊಟ್ಟರು. ಅಂದರೆ ಐದು ತಿಂಗಳಲ್ಲಿ ಆಗಬಹುದಾದ ಕೆಲಸ ಅದು! ಪತ್ರದ ಹಿಂದೆ ಜನ ನಿಂತಿರಲಿಲ್ಲ. ರೈಲಿನಿಂದ ಇಳಿದು ಹೋಗುವ ಜನ ಲಕ್ಷವಿದ್ದರೂ ಒಬ್ಬೊಬ್ಬನ ವೋಟು ಒಂದೊಂದು ಊರಿನಲ್ಲಿ. ಲಕ್ಷ್ಮೀ ನಿವಾಸದವರ ಹಿಂದೆ ಮಾತ್ರ ಬಾಡಿಗೆ ಚೀಟಿಯಿತ್ತು, ಒಂದೇ ವಾರ್ಡಿನ ಮತದಾರರ ಪಟ್ಟಿಯಿತ್ತು.

ಇನ್ನು ನಮ್ಮ ಸಂಗತಿ. ಕೆಲವು ವರ್ಷಗಳ ಹಿಂದೆ ನಮ್ಮ ಗಲ್ಲಿಯವರು ಒಂದು ಅಹವಾಲು ಬರೆದರು. ರಾತ್ರಿ ಎರಡೂ ಕಡೆ ಲಾರಿ ನಿಲ್ಲಿಸುವುದರಿಂದ ಬೆಂಕಿ ಬಿದ್ದರೆ ಬಂಬ್ ಒಳಗೆ ಬರುವುದಿಲ್ಲ ಎಂಬುದು ಒಂದು. ಚಾಳಿನ ಹಿಂಬದಿಯ ಗೋಡೆ ಬಿರಿದಿದೆ, ದುರಸ್ತಿ ಮಾಡಿಸಬೇಕು ಎಂಬುದು ಇನ್ನೊಂದು. ನೂರಕ್ಕೂ ಮಿಕ್ಕಿ ಸಹಿಯಾಯಿತು. ಅದರಲ್ಲಿ ಮೂವತ್ತೊಂದು ಸಹಿ ನಮ್ಮ ಹೋಟೆಲ್ ಹುಡುಗರದು. ನಾನೂ ನಿಯೋಗದಲ್ಲಿ ಹೋಗಿದ್ದೆ. ಜನಪ್ರತಿನಿಧಿಯೊಬ್ಬರ ಕಚೇರಿಯಲ್ಲಿ ಅವರ ಸಹಾಯಕ ಪೆನ್ಸಿಲು ಹಿಡಿದು ಹೆಸರುಗಳನ್ನು ನೋಡುತ್ತ ಹೋದ. ‘ಇವರ ವೋಟು ಎಲ್ಲಿ?’ ಎಂದು ಮರಾಠಿಯಲ್ಲಿ ಕೇಳಿದ. ಊರಲ್ಲಿ, ಎಂದೆ. ‘ಹಾಗಾದರೆ ಊರಿನ ಎಂ.ಎಲ್.ಎ.ಗೆ ಹೇಳಲಿ’ ಎಂದು ಮೂವತ್ತೊಂದಕ್ಕೂ ಅಡ್ಡಗೀಟು ಹಾಕಿದ. ನಮ್ಮ ಜೊತೆಗಿದ್ದ ಚಾಳಿನ ಆಜಿ ಸುಮ್ಮನಿರಲಿಲ್ಲ. ಮಳೆಗಾಲದಲ್ಲಿ ಗಟಾರಕ್ಕೆ ಕೈಹಾಕಿ ಕಸ ತೆಗೆದವರು ಈ ಹುಡುಗರೇ, ನಿಮ್ಮ ಜನ ಬಂದಿರಲಿಲ್ಲ, ಎಂದಳು. ಆತ ನಕ್ಕ. ಗೀಟು ಅಳಿಸಲಿಲ್ಲ.

ಆತನ ಮೇಲೆ ಸಿಟ್ಟು ಬರುವುದು ಸಹಜ. ಆದರೆ ಆತ ಲೆಕ್ಕ ತಪ್ಪಿರಲಿಲ್ಲ. ವರ್ಷದಲ್ಲಿ ಹನ್ನೊಂದು ತಿಂಗಳು ನಾವು ಈ ಊರಿನ ನೀರು ಕುಡಿಯುತ್ತೇವೆ, ಹೋಟೆಲಿನ ಅಟ್ಟದ ಮೇಲೆ, ಮೇಜು ಜೋಡಿಸಿದ ಹಲಗೆಯ ಮೇಲೆ ಮಲಗುತ್ತೇವೆ. ಹೆಸರು ಮಾತ್ರ ಕುಂದಾಪುರದಲ್ಲಿ, ಕಾರ್ಕಳದಲ್ಲಿ. ಚಾಳು ಕೆಡವಿ ಹೊಸದು ಕಟ್ಟುವಾಗ ಏನಾಗುತ್ತದೆ ನೋಡಿ. ಬಾಡಿಗೆದಾರನಿಗೆ ಖೋಲಿಗೆ ಬದಲು ಖೋಲಿ, ಹೋಟೆಲಿನ ಧಣಿಗೆ ಅಂಗಡಿಗೆ ಬದಲು ಅಂಗಡಿ. ಅಟ್ಟದ ಮೇಲೆ ಮಲಗುತ್ತಿದ್ದ ಹತ್ತು ಜನರ ವಿಷಯ ಯಾವ ಕಾಗದದಲ್ಲಿಯೂ ಬರುವುದಿಲ್ಲ. ವರ್ಲಿಯ ಬಿ.ಡಿ.ಡಿ. ಚಾಳುಗಳಲ್ಲಿ 160 ಚದರ ಅಡಿಯ ಖೋಲಿಯವರಿಗೆ 500 ಚದರ ಅಡಿಯ ಮನೆ ಬಂತು. ಮೊದಲ ಕಂತಿನ 556 ಮನೆಗಳ ಬೀಗದ ಕೈ 2025ರ ಆಗಸ್ಟಿನಲ್ಲಿ ಕೊಟ್ಟರು. ಅವರ ಸುಖಕ್ಕೆ ನಾವು ಸಂತೋಷಪಡೋಣ. ಅಲ್ಲಿ ಒಂದು ಮೂಲೆಯನ್ನು ಬಾಡಿಗೆಗೆ ಹಿಡಿದು ಸರದಿಯ ಮೇಲೆ ಮಲಗುತ್ತಿದ್ದವನು ಎಲ್ಲಿಗೆ ಹೋದ ಎಂದು ಕೇಳಿದವರನ್ನು ನಾನು ಕಂಡಿಲ್ಲ.

ಮತದಾರರ ಪಟ್ಟಿಯಲ್ಲಿ ಹೆಸರು ಬಂದೊಡನೆ ಖೋಲಿ ಸಿಗುತ್ತದೆಂದು ನಾನು ಸುಳ್ಳು ಆಸೆ ಹುಟ್ಟಿಸುವುದಿಲ್ಲ. ಆದರೆ ಜೋಪಡಿಪಟ್ಟಿಗಳ ಪುನರ್ವಸತಿಯಲ್ಲಿ 1 ಜನವರಿ 2000ಕ್ಕೆ ಮುಂಚೆ ಇಲ್ಲಿದ್ದೆ ಎಂದು ತೋರಿಸಲು ಎಷ್ಟೋ ಬಡವರಿಗೆ ಒದಗಿ ಬಂದದ್ದು ಹಳೆಯ ಮತದಾರರ ಪಟ್ಟಿಯ ಒಂದು ಹಾಳೆ. ಹೆಸರಿದ್ದರೆ ಕೇಳಲು ಒಂದು ನೆಲೆಯಿರುತ್ತದೆ. ಒಂಟಿ ಕಾರ್ಮಿಕರಿಗೆ ಕಡಿಮೆ ಬಾಡಿಗೆಯ ವಸತಿ ಬೇಕೆಂದು ಕೇಳಬಹುದು. ಅಂಥದೊಂದು ಯೋಜನೆಯನ್ನು ಕೇಂದ್ರ ಸರಕಾರ ವಲಸೆ ಬಂದವರಿಗಾಗಿ 2020ರಲ್ಲಿ ಘೋಷಿಸಿತ್ತು; ಪರೇಲಿನಲ್ಲಿ ಅದರ ಒಂದು ಮಂಚವೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಗಿರಣಿಯ ಹಿರಿಯರು ಇದನ್ನು ನಮಗಿಂತ ಚೆನ್ನಾಗಿ ಬಲ್ಲರು. 1982ರ ಜನವರಿ 18ರಂದು ಮುಷ್ಕರ ಹೂಡಿದವರಲ್ಲಿ ಬದುಕಿರುವವರು ಇಂದಿಗೂ ಮನೆಯ ಅರ್ಜಿಯ ನಂಬರು ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಾರೆ. ಅರ್ಜಿ ಹಾಕಿದವರು ಲಕ್ಷಕ್ಕೂ ಹೆಚ್ಚು, ಮನೆ ಕಂಡವರು ಅದರಲ್ಲಿ ಸಣ್ಣ ಪಾಲು. ಉಳಿದವರಿಗೆ ಕರ್ಜತ್ ದಾರಿಯ ವಾಂಗಣಿ, ಶೇಲುವಿನಲ್ಲಿ ಮನೆ ಎಂದಾಗ, ನಾವು ದುಡಿದದ್ದು ಮುಂಬಯಿಯಲ್ಲಿ, ಮನೆಯೂ ಮುಂಬಯಿಯಲ್ಲಿಯೇ ಬೇಕು ಎಂದು 2025ರ ಜುಲೈಯಲ್ಲಿ ಆಜಾದ್ ಮೈದಾನಕ್ಕೆ ಹೋದರು. ಎಪ್ಪತ್ತು ದಾಟಿದ ಮುದುಕರು! ಅವರ ಕೈಯಲ್ಲಿ ಗಿರಣಿಯ ಹಾಜರಿ ಚೀಟಿಯಾದರೂ ಇತ್ತು. ಹೋಟೆಲಿನವನ ಕೈಯಲ್ಲಿ ಏನಿದೆ?

ಕಾನೂನು ನಮಗೆ ವಿರೋಧವಾಗಿಲ್ಲ. 1950ರ ಜನಪ್ರಾತಿನಿಧ್ಯ ಕಾಯಿದೆಯಲ್ಲಿ ಸಾಮಾನ್ಯವಾಗಿ ವಾಸವಿರುವ ಸ್ಥಳವೆಂದಿದೆಯೇ ಹೊರತು ಸ್ವಂತ ಮನೆಯೆಂದಿಲ್ಲ. ಹೊಸದಾಗಿ ಹೆಸರು ಸೇರಿಸಲು ನಮೂನೆ 6, ಊರಿನಿಂದ ವರ್ಗಾಯಿಸಲು ನಮೂನೆ 8. ಸೂರಿಲ್ಲದೆ ಬೀದಿಯಲ್ಲಿ ಮಲಗುವವನು ವಿಳಾಸದ ಕಾಗದ ತರಬೇಕಾಗಿಲ್ಲ; ಮತಗಟ್ಟೆಯ ಅಧಿಕಾರಿ ರಾತ್ರಿ ಹೊತ್ತು ಬಂದು, ಆತ ಅಲ್ಲಿಯೇ ಮಲಗುತ್ತಾನೋ ಎಂದು ನೋಡಿ ಸೇರಿಸಿಕೊಳ್ಳಬೇಕೆಂದು ನಿಯಮವಿದೆ. ಬೀದಿಯವನಿಗೆ ಇಷ್ಟು ಇರುವಾಗ ಅಟ್ಟದವನು ಏಕೆ ಹೆದರಬೇಕು? ಹೆದರುವುದು ಧಣಿಗೆ, ಆತ ಕಾಗದ ಬರೆದುಕೊಟ್ಟರೆ ನಾಳೆ ಹಕ್ಕು ಕೇಳಿಯಾರೆಂದು. ಅವರೊಡನೆ ಸಂಘ ಮಾತಾಡಬೇಕು.

ಒಂದು ಆಕ್ಷೇಪಣೆ ಇದೆ, ಅದು ಹಗುರವಾದದ್ದಲ್ಲ. ಎರಡು ಕಡೆ ಹೆಸರಿಟ್ಟುಕೊಳ್ಳುವಂತಿಲ್ಲ, ಅದು ಅಪರಾಧ. ಇಲ್ಲಿ ಸೇರಿಸಿದರೆ ಊರಿನದು ಹೋಗುತ್ತದೆ. ಊರಲ್ಲಿ ತಾಯಿಯಿದ್ದಾಳೆ, ಗದ್ದೆಯ ತುಂಡಿದೆ, ಪಂಚಾಯತಿಯ ಚುನಾವಣೆಯಲ್ಲಿ ನಾಲ್ಕು ವೋಟಿನ ಮನೆಯೆಂದರೆ ಮೆಂಬರು ಅಂಗಳಕ್ಕೆ ಬರುತ್ತಾನೆ. ಎರಡು ವೋಟಾದರೆ ಗೇಟಿನಿಂದಲೇ ಕೈಮುಗಿದು ಹೋಗುತ್ತಾನೆ. ಮೂರು ನಾಲ್ಕು ವರ್ಷ ದುಡಿದು ಹಿಂತಿರುಗುವ ಹುಡುಗ ಹೆಸರನ್ನು ಅಲ್ಲಿಯೇ ಇರಗೊಡಲಿ. ಹದಿನೈದು ವರ್ಷದಿಂದ ಇಲ್ಲಿದ್ದು, ಹೆಂಡತಿ ಮಕ್ಕಳನ್ನೂ ಕರೆತಂದು ಡೊಂಬಿವಲಿಯಲ್ಲೋ ನಾಲಾಸೋಪಾರದಲ್ಲೋ ಬಾಡಿಗೆ ಕೊಡುವವನು ಇನ್ನೂ ಊರಿನ ಚುನಾವಣೆಗೆ ಬಸ್ಸು ಹತ್ತುವುದು ನನಗೆ ಸರಿಕಾಣುವುದಿಲ್ಲ. ಅವನ ಮಗು ಶಾಲೆಗೆ ದಾಟುವ ರಸ್ತೆ ಯಾವುದು?

ಚಾಳಿನವರಿಗೆ ನಮ್ಮ ಮೇಲೂ ದೂರುಗಳಿವೆ. ಪಾರ್ಸೆಲ್ ಒಯ್ಯುವ ಹುಡುಗರ ಮೋಟಾರ್ ಸೈಕಲುಗಳು ಮೆಟ್ಟಿಲಿಗೆ ಅಡ್ಡ, ಗ್ಯಾಸಿನ ಸಿಲಿಂಡರು ಫುಟ್‌ಪಾತಿನಲ್ಲಿ, ಸೆಕೆಗಾಲದಲ್ಲಿ ನಾವು ಬಾಗಿಲ ಮುಂದೆಯೇ ಚಾಪೆ ಹಾಸುತ್ತೇವೆ. ಇವು ಸುಳ್ಳಲ್ಲ. ಅಹವಾಲಿಗೆ ಸಹಿ ಹಾಕುವ ಮುಂಚೆ ಅವರೊಡನೆ ಕುಳಿತು ಇದನ್ನು ಇತ್ಯರ್ಥ ಮಾಡಿಕೊಂಡರೆ, ನಾಳೆ ಆಜಿಯಂಥವರು ಇನ್ನೂ ನಾಲ್ವರು ನಮ್ಮ ಪರ ಮಾತಾಡುತ್ತಾರೆ.

ಈಗ ಬಾಗಿಲು ತಟ್ಟಲು ಒಬ್ಬರಿದ್ದಾರೆ ಎಂಬುದೂ ನೆನಪಿರಲಿ. 2022ರ ಮಾರ್ಚಿನಿಂದ ಸುಮಾರು ನಾಲ್ಕು ವರ್ಷ ಮುಂಬಯಿಯಲ್ಲಿ ನಗರಸೇವಕರೇ ಇರಲಿಲ್ಲ, ಆಡಳಿತಾಧಿಕಾರಿಯ ರಾಜ್ಯ. 2026ರ ಜನವರಿಯಲ್ಲಿ 227 ವಾರ್ಡುಗಳಿಗೆ ಚುನಾವಣೆ ನಡೆಯಿತು. ನಗರಸೇವಕರ ಬಳಿ ಗಟಾರ, ನೀರು, ಫುಟ್‌ಪಾತು ಕೇಳಿ. 1969ಕ್ಕೆ ಮುಂಚಿನ ಸೆಸ್ ಕಟ್ಟಡದ ದುರಸ್ತಿ ಮ್ಹಾಡಾದ ದುರಸ್ತಿ ಮಂಡಳಿಯದು, ಅದಕ್ಕೆ ಶಾಸಕರನ್ನು ಹಿಡಿಯಿರಿ. ಲಾರಿ ನಿಲ್ಲಿಸುವ ತಂಟೆ ಟ್ರಾಫಿಕ್ ಪೊಲೀಸರದು. ಎಲ್ಲವನ್ನೂ ಒಂದೇ ಕಾಗದದಲ್ಲಿ ತುರುಕಿದರೆ ಇದು ನನ್ನದಲ್ಲ ಎಂದು ಹೇಳುವುದು ಎಲ್ಲರಿಗೂ ಸುಲಭ. ಕಾಗದ ಮರಾಠಿಯಲ್ಲಿರಲಿ, ಎರಡು ಪ್ರತಿ ಮಾಡಿಸಿ, ಒಂದರ ಮೇಲೆ ಸ್ವೀಕರಿಸಿದ ಮುದ್ರೆ ಹಾಕಿಸಿಕೊಳ್ಳಿ.

ನಮೂನೆ ತುಂಬಲು ಬರದವರು ಪಾಳಿ ಮುಗಿದ ಮೇಲೆ ಸಂಘದ ಕಚೇರಿಗೆ ಬರಬಹುದು. ಆಧಾರ್ ಚೀಟಿ, ಒಂದು ಭಾವಚಿತ್ರ, ಊರಿನ ಗುರುತಿನ ಚೀಟಿಯಿದ್ದರೆ ಅದು. ಬರುವ ಮುಂಚೆ ಊರಿಗೊಂದು ಫೋನು ಮಾಡಿ ತಾಯಿಯವರಿಗೆ ವಿಷಯ ತಿಳಿಸಿರಿ.