ನಂಬರ್ ಮುಗೀತು ಅಂದ್ರೆ ಎಚ್ಚರಿಕೆನೂ ಮುಗೀತಾ?

2025ರ ಮೇ ತಿಂಗಳಲ್ಲಿ ಉತ್ತರ ಮತ್ತು ಪಶ್ಚಿಮ ಭಾರತದ 32 ವಿಮಾನ ನಿಲ್ದಾಣಗಳನ್ನು ಕೆಲವು ದಿನ ಮುಚ್ಚಿದಾಗ ಟಿವಿಯಲ್ಲಿ ಒಂದು ಶಬ್ದ ಮತ್ತೆ ಮತ್ತೆ ಬಂತು: ನೋಟಾಮ್. ಪೈಲಟ್‌ಗಳಿಗೆ ಕೊಡುವ ಸುರಕ್ಷತಾ ಸೂಚನೆಗೆ ಹೀಗೆ ಹೆಸರು. ಯಾವ ರನ್‌ವೇ ಬಂದ್ ಐತಿ, ಯಾವ ದೀಪ ಕೆಟ್ಟಿದೆ, ಎಲ್ಲಿ ಹೊಸದಾಗಿ ಕ್ರೇನ್ ನಿಲ್ಲಿಸಿದ್ದಾರೆ, ಯಾವ ಆಕಾಶಭಾಗಕ್ಕೆ ಹೋಗಬಾರದು, ಇದೆಲ್ಲ ಅದರಲ್ಲಿ ಇರ್ತದೆ.

ನಾವು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯ ಹುಡುಗ ಹುಡುಗಿಯರು. ಈ ಐದೂ ತಾಲ್ಲೂಕುಗಳಲ್ಲಿ ಒಂದೂ ವಿಮಾನ ನಿಲ್ದಾಣ ಇಲ್ಲ. ಈ ಕಡೆ ಬೆಳಗಾವಿಯ ಸಾಂಬ್ರಾ, ಆ ಕಡೆ ಕೊಲ್ಹಾಪುರ. ಹಂಗಾದ್ರೆ ನೋಟಾಮ್ ಕಟ್ಟಿಕೊಂಡು ನಮಗೇನು ಆಗಬೇಕು ಅಂತ ಕೇಳಬಹುದು. ನಮಗೆ ಆಸಕ್ತಿ ಬಂದದ್ದು ವಿಮಾನದ ಮೇಲಲ್ಲ, ಆ ಸೂಚನೆಯ ನಂಬರ್ ಮೇಲೆ. ಅದರಿಂದ ನಮ್ಮ ಹೊಳೆದಂಡೆಯ ಊರುಗಳು ಕಲಿಯೋದು ಬಹಳ ಐತಿ ಅನ್ನೋದು ನಮ್ಮ ಅಭಿಪ್ರಾಯ.

ಮೊದಲು ನಂಬರ್ ನೋಡೋಣ. ನೋಟಾಮ್‌ಗೆ ಒಂದು ಅಕ್ಷರ, ನಾಲ್ಕು ಅಂಕಿ, ಒಂದು ಅಡ್ಡಗೆರೆ, ವರ್ಷದ ಕೊನೆಯ ಎರಡು ಅಂಕಿ ಇರ್ತವೆ. ಉದಾಹರಣೆಗೆ ಎ0456/25. ಮೊದಲ ಅಕ್ಷರ ಸರಣಿ, ನಾಲ್ಕು ಅಂಕಿ ಆ ವರ್ಷದ ಕ್ರಮಸಂಖ್ಯೆ. ಜನವರಿ 1 ಬಂದ ಕೂಡಲೇ ಪ್ರತಿ ಸರಣಿಯೂ ಮತ್ತೆ 0001ರಿಂದ ಶುರು. ಅದೂ ಯುಟಿಸಿ ಸಮಯದ ಪ್ರಕಾರ, ಅಂದ್ರೆ ನಮ್ಮಲ್ಲಿ ಬೆಳಗಿನ ಜಾವ ಐದೂವರೆಗೆ. ವಿಟಿಯು ಓದುವವರಿಗೆ ಇದು ಅರ್ಥವಾಗೋದು ಕಷ್ಟ ಅಲ್ಲ. ನಮ್ಮ ಯುಎಸ್‌ಎನ್ ಕೂಡ ಹೀಗೇ: ವಲಯ, ಕಾಲೇಜು, ವರ್ಷ, ಬ್ರಾಂಚ್, ಕೊನೆಗೆ ಮೂರು ಅಂಕಿ. ಮೂರು ಅಂಕಿ ಇಟ್ಟವರು ಒಂದು ಕಾಲೇಜಿನ ಒಂದು ಬ್ರಾಂಚಿಗೆ ಒಂದೇ ವರ್ಷ 999ಕ್ಕಿಂತ ಹೆಚ್ಚು ಜನ ಬರೋದಿಲ್ಲ ಅಂತ ಅಂದುಕೊಂಡೇ ಇಟ್ಟಿರ್ತಾರೆ. ಎಷ್ಟು ಅಂಕಿ ಇಡ್ತೀವಿ ಅನ್ನೋದರಲ್ಲೇ ಮುಂದೆ ಎಷ್ಟು ಬರಬಹುದು ಅನ್ನೋ ಊಹೆ ಇದೆ.

ನೋಟಾಮ್‌ನಲ್ಲಿ ಆ ಊಹೆ 9999. ವರ್ಷಕ್ಕೆ 365 ದಿನ ಹಿಡಿದರೆ ಒಂದು ಸರಣಿಗೆ ದಿನಕ್ಕೆ ಸುಮಾರು 27 ಸೂಚನೆ. ಸರಣಿಗೆ ಇಂಗ್ಲಿಷಿನ 26 ಅಕ್ಷರಗಳಲ್ಲಿ ಎಸ್ ಮತ್ತು ಟಿ ಬಿಟ್ಟು ಉಳಿದ 24 ಬಳಸಬಹುದು. ಅಂದ್ರೆ ಸೂಚನೆ ಹೊರಡಿಸುವ ಒಂದು ಕಚೇರಿಗೆ ವರ್ಷಕ್ಕೆ ಹೆಚ್ಚೆಂದರೆ 24 ಗುಣಿಸು 9999, ಒಟ್ಟು 2,39,976 ನಂಬರ್. ಬಹಳ ಆಯ್ತಲ್ಲ ಅನ್ನಿಸ್ತದೆ. ಆದರೆ ಜಗತ್ತಿನಾದ್ಯಂತ ವರ್ಷಕ್ಕೆ ಹೊರಡುವ ನೋಟಾಮ್‌ಗಳು ಹತ್ತು ಲಕ್ಷ ದಾಟಿ ಎಷ್ಟೋ ವರ್ಷ ಆಯ್ತು. ದೊಡ್ಡ ದೇಶದಲ್ಲಿ ಎಲ್ಲವನ್ನೂ ಒಂದೇ ಸರಣಿಗೆ ತುಂಬಿದರೆ ವರ್ಷ ಮುಗಿಯೋ ಮೊದಲೇ ನಂಬರ್ ಮುಗಿಯಬಹುದು. ಅದಕ್ಕೇ ವಿಷಯಕ್ಕೊಂದು, ನಿಲ್ದಾಣಗಳ ಗುಂಪಿಗೊಂದು ಅಂತ ಅಕ್ಷರ ಹಂಚುತ್ತಾರೆ.

ನಂಬರ್ ಇಷ್ಟು ಬೇಗ ಖರ್ಚಾಗೋದು ಹೇಗೆ? ಸಾಂಬ್ರಾದಲ್ಲಿ ಒಂದು ದೀಪದ ರಿಪೇರಿ ಐತಿ, ಹತ್ತು ದಿನದಲ್ಲಿ ಮುಗೀತದೆ ಅಂತ ಒಂದು ಸೂಚನೆ ಹೊರಟಿತು ಅಂತ ಊಹಿಸಿಕೊಳ್ಳಿ. ಮುಗೀಲಿಲ್ಲ. ಇನ್ನೂ ಹತ್ತು ದಿನ ಬೇಕು. ಹಳೇ ಸೂಚನೆಯನ್ನೇ ತಿದ್ದುವ ಹಾಗಿಲ್ಲ. ಹೊಸ ನಂಬರಿನ ಬದಲಿ ಸೂಚನೆ ಹೊರಡಿಸಿ, ಇದು ಇಂಥ ಹಳೇ ನಂಬರಿನ ಬದಲಿಗೆ ಅಂತ ಬರೀಬೇಕು. ಕೊನೆಗೆ ಕೆಲಸ ಬೇಗ ಮುಗಿದು ರದ್ದು ಮಾಡಬೇಕಂದ್ರೂ ರದ್ದತಿಗೆ ಮತ್ತೊಂದು ನಂಬರ್. ಒಂದು ದೀಪಕ್ಕೆ ಮೂರು ನಂಬರ್ ಹೋಯ್ತು. ಮೇಲಾಗಿ ಬದಲಿ ಮತ್ತು ರದ್ದತಿ ಎರಡೂ ಮೂಲ ಸೂಚನೆಯ ಸರಣಿಯಲ್ಲೇ ಇರಬೇಕು. ಎ ಸರಣಿ ತುಂಬಿತು ಅಂತ ಬದಲಿಯನ್ನು ಬಿ ಸರಣಿಯಲ್ಲಿ ಹಾಕೋಕೆ ಬರೋದಿಲ್ಲ.

ನಮ್ಮ ಕಡೆ ಕೆಎ-23 ಗಾಡಿಗಳಿಗೆ ಈ ತೊಂದರೆ ಇಲ್ಲ. ಚಿಕ್ಕೋಡಿ ಆರ್‌ಟಿಓದಲ್ಲಿ ನಂಬರ್ 9999ಕ್ಕೆ ಬಂದ್ರೆ ಮುಂದಿನ ಅಕ್ಷರ ಹಿಡಿದು ಮತ್ತೆ 1ರಿಂದ ಶುರು ಮಾಡ್ತಾರೆ, ಮುಗೀತು. ಗಾಡಿಗೆ ಮುಂದಿನ ಅಕ್ಷರ ಬಂದರೂ ಯಾರಿಗೂ ತೊಂದರೆ ಆಗೋದಿಲ್ಲ. ನೋಟಾಮ್‌ನ ಅಕ್ಷರಕ್ಕೆ ಅರ್ಥ ಇದೆ. ಯಾರಿಗೆ ಯಾವ ಸರಣಿ ಬೇಕು ಅಂತ ನೋಡಿಯೇ ಸೂಚನೆ ಹಂಚುತ್ತಾರೆ. ಜಾಗ ಇಲ್ಲ ಅಂತ ಸುಮ್ಮನೆ ಬೇರೆ ಅಕ್ಷರಕ್ಕೆ ಜಾರಿಸಿದರೆ ಬೇಕಾದವರ ಕೈಗೆ ಅದು ಸಿಗದೇ ಹೋಗಬಹುದು.

ಇದನ್ನು ಕ್ಲಾಸಿನಲ್ಲಿ ಹೇಳಿದಾಗ ಎಲ್ಲರೂ ಕೊಡೋ ಉತ್ತರ ಒಂದೇ: ಐದು ಅಂಕಿ ಮಾಡಿದ್ರೆ ಆಯ್ತಲ್ಲ! ಡೇಟಾಬೇಸ್ ಕೋರ್ಸ್ ಓದಿದವರಿಗೆ ಹಾಗೆ ಅನ್ನಿಸೋದು ಸಹಜ. ಆದರೆ ಇದು ಒಂದು ಕಂಪನಿಯ ಒಂದು ಟೇಬಲ್ ಅಲ್ಲ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯಲ್ಲಿ 193 ದೇಶಗಳಿವೆ. ಈ ಸೂಚನೆಗಳ ನಿಯಮ ಇರುವ 15ನೇ ಅನುಬಂಧ ಮೊದಲು ಒಪ್ಪಿಗೆ ಪಡೆದದ್ದು 1953ರಲ್ಲಿ, ಟೆಲಿಪ್ರಿಂಟರ್ ಕಾಲದಲ್ಲಿ. ಎಲ್ಲ ದೇಶದ ಕಚೇರಿ, ವಿಮಾನ ಕಂಪನಿ, ಸಾಫ್ಟ್‌ವೇರ್ ನಾಲ್ಕು ಅಂಕಿಗೆ ಹೊಂದಿಕೊಂಡಿವೆ. ಒಂದು ಅಂಕಿ ಸೇರಿಸಬೇಕಂದ್ರೆ ಎಲ್ಲರೂ ಒಟ್ಟಿಗೆ ಬದಲಾಗಬೇಕು. ಒಬ್ಬರ ಪ್ರೋಗ್ರಾಮ್ ಐದನೇ ಅಂಕಿಯನ್ನು ಕತ್ತರಿಸಿ ಹಾಕಿದರೂ 10456 ಅನ್ನೋದು 1045 ಆಗ್ತದೆ. ಆಗ ಬೇರೆಯದೇ ಸೂಚನೆ ರದ್ದಾಗಬಹುದು.

ಅದಕ್ಕಿಂತ ದೊಡ್ಡ ಮಾತು ಅಂದ್ರೆ, ಅಂಕಿ ಹೆಚ್ಚಿಸಿದರೆ ಓದೋರ ಕಣ್ಣು ಹೆಚ್ಚಾಗೋದಿಲ್ಲ. 2017ರ ಜುಲೈ 7ರ ರಾತ್ರಿ ಏರ್ ಕೆನಡಾ 759 ವಿಮಾನ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರನ್‌ವೇ ಅಂತ ತಿಳಿದು ಪಕ್ಕದ ಟ್ಯಾಕ್ಸಿವೇ ಮೇಲೆ ಇಳಿಯೋಕೆ ಬಂತು. ಅಲ್ಲಿ ನಾಲ್ಕು ವಿಮಾನಗಳು ಜನರನ್ನು ತುಂಬಿಕೊಂಡು ಸಾಲಾಗಿ ನಿಂತಿದ್ದವು. ನೆಲದಿಂದ ಸುಮಾರು 60 ಅಡಿ ಎತ್ತರಕ್ಕೆ ಇಳಿದ ಮೇಲೆ ವಿಮಾನ ಮತ್ತೆ ಮೇಲೇರಿತು. ಪಕ್ಕದ ಇನ್ನೊಂದು ರನ್‌ವೇ ಬಂದ್ ಐತಿ ಅನ್ನೋ ಸೂಚನೆ ಪೈಲಟ್‌ಗಳ ಕಡತದಲ್ಲಿ ಇತ್ತು. ಎಲ್ಲಿ? 27 ಪುಟಗಳ ಕಡತದ 8ನೇ ಪುಟದಲ್ಲಿ. ತನಿಖೆ ನಡೆಸಿದ ಅಮೆರಿಕದ ಸಂಸ್ಥೆಯ ಅಧ್ಯಕ್ಷ ರಾಬರ್ಟ್ ಸಮ್‌ವಾಲ್ಟ್ ನೋಟಾಮ್‌ಗಳನ್ನು ಯಾರೂ ಗಮನ ಕೊಡದ ಕಸ ಅಂತಲೇ ಕರೆದರು. ಸೂಚನೆ ಕೊಟ್ಟಿರಲಿಲ್ಲ ಅಂತಲ್ಲ, ನಂಬರ್ ಸಿಕ್ಕಿರಲಿಲ್ಲ ಅಂತಲೂ ಅಲ್ಲ. ಬೇಕಾದ ಒಂದು, ಬೇಡದ ಹತ್ತಾರರ ನಡುವೆ ಮುಳುಗಿ ಹೋಗಿತ್ತು.

ಹಾಗಂತ ಸೂಚನೆಯೇ ಬೇಡ ಅನ್ನೋಕೂ ಆಗಲ್ಲ. 2023ರ ಜನವರಿ 11ರಂದು ಅಮೆರಿಕದ ನೋಟಾಮ್ ವ್ಯವಸ್ಥೆ ಕೆಟ್ಟು ನಿಂತಾಗ ದೇಶದ ಎಲ್ಲ ಕಡೆ ವಿಮಾನಗಳು ಹೊರಡೋದನ್ನೇ ಸ್ವಲ್ಪ ಹೊತ್ತು ನಿಲ್ಲಿಸಿದರು. ಡೇಟಾಬೇಸ್ ಮತ್ತು ಅದರ ಬ್ಯಾಕಪ್ ಹೊಂದಿಸುವಾಗ ಗುತ್ತಿಗೆ ಸಿಬ್ಬಂದಿ ಗೊತ್ತಿಲ್ಲದೆ ಕೆಲವು ಫೈಲ್ ಅಳಿಸಿದ್ದು ಕಾರಣ. ಕಸ ಅಂತ ಬೈಯಿಸಿಕೊಂಡ ವ್ಯವಸ್ಥೆ ಇಲ್ಲದೆ ವಿಮಾನಗಳನ್ನು ಬಿಡೋಕೆ ಅವರಿಗೆ ಧೈರ್ಯ ಬರಲಿಲ್ಲ.

ಆದ್ದರಿಂದ ನಮ್ಮ ಅಭಿಪ್ರಾಯ ಇದು. ನಿಜವಾದ ಅಪಾಯ ಇದ್ದಾಗ ನಂಬರ್ ಇಲ್ಲ ಅಂತ ಸೂಚನೆ ನಿಲ್ಲಬಾರದು. ಹಾಗಾಗೋ ಪರಿಸ್ಥಿತಿ ಬಂದರೆ ವ್ಯವಸ್ಥೆ ಬದಲಾಗಲೇಬೇಕು. ಆದರೆ 9999 ಹತ್ತಿರ ಬಂತು ಅನ್ನೋದನ್ನು ಮೊದಲು ಜ್ವರ ನೋಡೋ ಥರ್ಮಾಮೀಟರ್ ಥರ ನೋಡಬೇಕು. ಥರ್ಮಾಮೀಟರ್‌ಗೆ ಇನ್ನೊಂದು ಗೆರೆ ಸೇರಿಸಿದ್ರೆ ಜ್ವರ ಇಳಿಯೋದಿಲ್ಲ. ನೋಟಾಮ್ ಇರೋದು ತಾತ್ಕಾಲಿಕ ವಿಷಯಕ್ಕೆ. ಮೂರು ತಿಂಗಳಿಗಿಂತ ಹೆಚ್ಚು ಕಾಲ ಉಳಿಯೋ ವಿಷಯ ಕಾಯಂ ಪುಸ್ತಕಕ್ಕೆ ಹೋಗಬೇಕು. ಅದನ್ನೇ ಬದಲಿ ಮೇಲೆ ಬದಲಿ ಕೊಟ್ಟು ವರ್ಷಗಟ್ಟಲೆ ಎಳೆದರೆ ನಂಬರೂ ಹೋಗ್ತದೆ, ಓದೋರ ತಾಳ್ಮೆಯೂ ಹೋಗ್ತದೆ.

ಈಗ ನಮ್ಮ ಹೊಳೆಗೆ ಬರೋಣ. ಮಳೆಗಾಲ ಬಂತಂದ್ರೆ ಕೃಷ್ಣಾ, ದೂಧಗಂಗಾ, ವೇದಗಂಗಾ ತುಂಬಿ ಕೆಳಮಟ್ಟದ ಸೇತುವೆಗಳು ಮುಳುಗೋದು ನಮಗೆ ಹೊಸದಲ್ಲ. ಕಲ್ಲೋಳ–ಯಡೂರ, ಮಲಿಕವಾಡ–ದತ್ತವಾಡ, ಭೋಜ–ಕಾರದಗಾ, ಜತ್ರಾಟ–ಭಿವಶಿ, ಅಕ್ಕೋಳ–ಸಿದ್ನಾಳ, ಕುಡಚಿ–ಉಗಾರ ಈ ಹೆಸರುಗಳು ನಮ್ಮ ಮನೆಗಳಲ್ಲಿ ಎಲ್ಲರಿಗೂ ಬಾಯಿಪಾಠ. 2019ರ ಆಗಸ್ಟ್‌ನಲ್ಲಂತೂ ಹೆದ್ದಾರಿಯೇ ನೀರಿನಲ್ಲಿ ನಿಂತು ನಿಪ್ಪಾಣಿ ಮತ್ತು ಕೊಲ್ಹಾಪುರದ ನಡುವೆ ಸಂಚಾರ ಬಂದ್ ಆಗಿತ್ತು.

ಅಂಥ ದಿನಗಳಲ್ಲಿ ಎಚ್ಚರಿಕೆಗೆ ಬರ ಇರೋದಿಲ್ಲ. ಊರಲ್ಲಿ ಡಂಗುರ ಸಾರ್ತಾರೆ. ಪೇಪರ್‌ನಲ್ಲಿ ರಾಜಾಪುರ ಬ್ಯಾರೇಜಿನಿಂದ ಇಷ್ಟು ಕ್ಯೂಸೆಕ್ ಅಂತ ಬರ್ತದೆ. ವಾಟ್ಸಾಪ್‌ನಲ್ಲಿ ಕನ್ನಡದಲ್ಲಿ, ಮರಾಠಿಯಲ್ಲಿ, ಎರಡೂ ಕಲಸಿ ಮೆಸೇಜ್ ಬರ್ತಾವೆ. ಯಾವುದಕ್ಕೂ ನಂಬರ್ ಇಲ್ಲ, ಬಹಳಷ್ಟಕ್ಕೆ ತಾರೀಖೂ ಇಲ್ಲ. ಹೋದ ವರ್ಷದ ಫೋಟೋ ಈ ವರ್ಷವೂ ಓಡಾಡ್ತದೆ. "ಸೇತುವೆ ಬಂದ್" ಅಂತ ನೂರು ಸಲ ಫಾರ್ವರ್ಡ್ ಆಗ್ತದೆ, "ಸೇತುವೆ ಓಪನ್ ಆಯ್ತು" ಅನ್ನೋದು ಒಂದು ಸಲ ಬಂದರೆ ಪುಣ್ಯ. ಆಮೇಲೆ ಜನ ಬಂದ್ ಅನ್ನೋದನ್ನೂ ನಂಬೋದು ಬಿಡ್ತಾರೆ. ನಮ್ಮ ಅಜ್ಜ ಕಾಕಾಗಳು "ಹಂಗ ಹೇಳತಾರ್ರೀ, ಹೋಗಿ ನೋಡೋಣ" ಅಂತ ಗಾಡಿ ತೆಗೆಯೋದು ಇದಕ್ಕೇ. ಹೊಳೆಗೆ ಬಿದ್ದ ಬೈಕಿನ ಸುದ್ದಿ ಹುಟ್ಟೋದೂ ಇಲ್ಲೇ.

ನೋಟಾಮ್‌ನಿಂದ ನಾವು ಕದಿಯಬೇಕಾದದ್ದು ನಂಬರ್ ಮಾಡೋ ಮೂರು ಕೆಲಸ. ಒಂದು, ನಡುವೆ ಏನಾದರೂ ತಪ್ಪಿತಾ ಅಂತ ಗೊತ್ತಾಗೋದು. 0455 ಬಂತು, 0457 ಬಂತು ಅಂದ್ರೆ 0456 ನಮಗೆ ತಲುಪಿಲ್ಲ ಅಂತ ಯಾರಾದರೂ ಹೇಳಬಹುದು. ಎರಡು, ಹೊಸದು ಯಾವ ಹಳೆಯದರ ಬದಲಿಗೆ ಬಂತು ಅಂತ ಗೊತ್ತಾಗೋದು. ಮೂರು, ರದ್ದಾದದ್ದು ಸ್ಪಷ್ಟ ಆಗೋದು. ಅದಕ್ಕೇ ನೋಟಾಮ್ ಕಚೇರಿಗಳು ತಿಂಗಳಿಗೊಮ್ಮೆಯಾದರೂ ಈಗ ಜಾರಿಯಲ್ಲಿರುವ ನಂಬರ್‌ಗಳ ಪಟ್ಟಿ ಕೊಡಲೇಬೇಕು. ಪಟ್ಟಿಯಲ್ಲಿ ಇಲ್ಲದ್ದು ಸತ್ತ ಸೂಚನೆ.

ಐದು ತಾಲ್ಲೂಕಿಗೆ ಐದು ಗುರುತು ಸಾಕು: ಚಿ, ನಿ, ರಾ, ಅ, ಕಾ. ಅದರ ಮುಂದೆ ಮೂರು ಅಂಕಿ ಮತ್ತು ವರ್ಷ. ಯಾವ ಸೇತುವೆ, ಯಾವಾಗಿನಿಂದ ಬಂದ್, ಮತ್ತೆ ಯಾವಾಗ ಪರಿಶೀಲನೆ, ಯಾವ ಹಳೇ ಸೂಚನೆಯ ಬದಲಿಗೆ. ಇಷ್ಟೇ ನಾಲ್ಕು ಸಾಲು. ದಿನಾ ಬೆಳಿಗ್ಗೆ ಜಾರಿಯಲ್ಲಿರುವ ನಂಬರ್‌ಗಳ ಒಂದು ಪಟ್ಟಿ. ಕುಡಚಿ–ಉಗಾರ ಸೇತುವೆಯ ಒಂದು ತುದಿ ರಾಯಬಾಗ ತಾಲ್ಲೂಕು, ಇನ್ನೊಂದು ಕಾಗವಾಡ. ಅದಕ್ಕೆ ಒಬ್ಬರೇ ನಂಬರ್ ಕೊಡಬೇಕು, ಇಬ್ಬರು ಕೊಟ್ಟರೆ ಗೊಂದಲ. ಮಲಿಕವಾಡ ದಾಟಿದರೆ ದತ್ತವಾಡ ಮಹಾರಾಷ್ಟ್ರದಲ್ಲಿದೆ. ಆ ಕಡೆಯವರಿಗೂ ಅದೇ ನಂಬರ್ ಮರಾಠಿಯಲ್ಲಿ ಹೋಗಬೇಕು. ಭಾಷೆ ಎರಡಾದರೂ ನಂಬರ್ ಒಂದೇ ಇದ್ದರೆ ಜಗಳ ಇಲ್ಲ.

ಮೂರು ಅಂಕಿ ಸಾಕಾಗ್ತದಾ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 122 ದಿನ. 999ನ್ನು ಭಾಗಿಸಿದರೆ ಒಂದು ತಾಲ್ಲೂಕಿಗೆ ದಿನಕ್ಕೆ ಎಂಟು ಸೂಚನೆ. ಅದಕ್ಕಿಂತ ಹೆಚ್ಚು ಬೇಕಾಯ್ತು ಅಂದ್ರೆ ಅಂಕಿ ಸೇರಿಸೋ ಮೊದಲು, ನಾವು ಯಾರಿಗೆ ಏನು ಹೇಳ್ತಾ ಇದ್ದೀವಿ ಅಂತ ಕೂತು ಯೋಚಿಸಬೇಕು.

ಸೇತುವೆ ಬಂದ್ ಮಾಡೋ ಅಧಿಕಾರ ತಹಶೀಲ್ದಾರರದು, ಪೊಲೀಸರದು. ನಾವು ಎರಡನೇ ವರ್ಷದ ವಿದ್ಯಾರ್ಥಿಗಳು ಅದನ್ನು ಕೈಗೆ ತಗೊಳ್ಳೋಕೆ ಹೋಗಬಾರದು. ಆದರೆ ಅವರು ಹೊರಡಿಸೋ ಸೂಚನೆಗೆ ಒಂದು ನಂಬರ್ ಹಾಕಿ ಅಂತ ಕೇಳಬಹುದು. ಹಾಕೋಕೆ ಬೇಕಾದ ಸಣ್ಣ ಪ್ರೋಗ್ರಾಮ್ ನಮ್ಮಲ್ಲಿ ಯಾರಾದರೂ ಒಂದು ಭಾನುವಾರ ಕೂತು ಬರೀಬಹುದು, ಅದಕ್ಕೆ ಎಐ ಕೂಡ ಬೇಡ. ಐದು ತಾಲ್ಲೂಕಿನವರು ಕನ್ನಡ ಬಳಗದಲ್ಲಿ ಸಾಕಷ್ಟು ಜನ ಇದ್ದೀವಿ. ಜೂನ್ ಬರೋದರೊಳಗೆ ನಾಲ್ಕು ಸಾಲಿನ ಈ ನಮೂನೆ ತಯಾರಿಸಿ, ಕನ್ನಡ ಮತ್ತು ಮರಾಠಿ ಎರಡರಲ್ಲೂ ಅಚ್ಚು ಹಾಕಿಸಿ, ನಮ್ಮ ನಮ್ಮ ಗ್ರಾಮ ಪಂಚಾಯಿತಿಗೆ ಕೊಟ್ಟು ಬರೋಣ. ಬರೋರು ಬಳಗದ ಗ್ರೂಪ್‌ನಲ್ಲಿ ಹೆಸರು, ತಾಲ್ಲೂಕು ಹಾಕಿ.