ಗಡಿಯಾರವೋ, ಆಭರಣವೋ?

ಹದಿನಾರನೆಯ ಶತಮಾನದ ಜಿನೀವಾ ನಗರದಲ್ಲಿ ಧರ್ಮಸುಧಾರಕ ಜಾನ್ ಕ್ಯಾಲ್ವಿನ್ ಮತ್ತು ಅವನ ಅನುಯಾಯಿಗಳು ಆಡಂಬರದ ಒಡವೆಗಳನ್ನು ನಿರ್ಬಂಧಿಸಿದರು. ಅಲ್ಲಿನ ಅಕ್ಕಸಾಲಿಗರಲ್ಲಿ ಅನೇಕರು ಗಡಿಯಾರದ ಕಸುಬಿನತ್ತ ತಿರುಗಿದರು. ಗಡಿಯಾರವು ಉಪಯೋಗದ ವಸ್ತುವಾದುದರಿಂದ ಅದಕ್ಕೆ ಅಡ್ಡಿ ಇರಲಿಲ್ಲ. 1601ರಲ್ಲಿ ಗಡಿಯಾರ ತಯಾರಕರ ಸಂಘವೇ ಅಲ್ಲಿ ಸ್ಥಾಪಿತವಾಯಿತು. ಕಾಲಾಂತರದಲ್ಲಿ ಅದೇ ನಗರದ ಗಡಿಯಾರಗಳ ಮೇಲೆ ಮುತ್ತು, ವಜ್ರಗಳು ಬಂದು ಕುಳಿತವು. ಮುಂಬಾಗಿಲಿನಿಂದ ಹೊರಹೋದ ಆಭರಣವು ಹಿತ್ತಿಲ ಬಾಗಿಲಿನಿಂದ ಒಳಬಂದಿತು.

ಗಡಿಯಾರಕ್ಕೂ ರತ್ನಕ್ಕೂ ನ್ಯಾಯವಾದ ಸಂಬಂಧವೇ ಇಲ್ಲವೆಂದಲ್ಲ. 1704ರಲ್ಲಿ ಸ್ವಿಟ್ಜರ್ಲೆಂಡಿನ ಗಣಿತಜ್ಞ ನಿಕೊಲಾ ಫಾಟಿಯೊ ಮತ್ತು ಅವನ ಸಂಗಡಿಗರು, ರಂಧ್ರ ಕೊರೆದ ಮಾಣಿಕ್ಯವನ್ನು ಚಕ್ರದ ಅಚ್ಚಿಗೆ ಆಸರೆಯಾಗಿಸುವ ವಿಧಾನಕ್ಕೆ ಲಂಡನ್ನಿನಲ್ಲಿ ಪೇಟೆಂಟ್ ಪಡೆದರು. ಅದರಿಂದ ಯಂತ್ರದ ಸವೆತ ಕಡಿಮೆಯಾಯಿತು. ಇಂದು ಆ ಸ್ಥಾನದಲ್ಲಿ ಅಗ್ಗದ ಕೃತಕ ಮಾಣಿಕ್ಯವಿದೆ. ಒಳಗೆ ಕಾಣದೆ ದುಡಿಯುವ ಕಲ್ಲು ಕಾಲದ ಸೇವಕ; ಹೊರಗೆ ಹೊಳೆಯುವ ಕಲ್ಲು ಅಹಂಕಾರದ ಸೇವಕ.

2014ರಲ್ಲಿ ಬಾಸೆಲ್ ನಗರದ ಮೇಳದಲ್ಲಿ ಲಂಡನ್ನಿನ ಗ್ರಾಫ್ ಸಂಸ್ಥೆಯು ‘ಹ್ಯಾಲೂಸಿನೇಷನ್’ ಎಂಬ ಕೈಗಡಿಯಾರವನ್ನು ಪ್ರದರ್ಶಿಸಿತು. ಅದರಲ್ಲಿ 110 ಕ್ಯಾರೆಟ್‌ಗೂ ಮಿಗಿಲಾದ ಬಣ್ಣದ ವಜ್ರಗಳಿದ್ದವು, ಬೆಲೆ 5.5 ಕೋಟಿ ಡಾಲರ್. ಒಳಗಿದ್ದುದು ಮಾತ್ರ ಸಾಮಾನ್ಯ ಗಡಿಯಾರಗಳಲ್ಲಿರುವ ಬಗೆಯ ಕ್ವಾರ್ಟ್ಜ್ ಯಂತ್ರ. ಹ್ಯಾಲೂಸಿನೇಷನ್ ಎಂದರೆ ಭ್ರಮೆ. ಇದಕ್ಕಿಂತ ಪ್ರಾಮಾಣಿಕವಾದ ಹೆಸರು ಅದಕ್ಕೆ ದೊರೆಯಲಾರದು.

ಇಂತಹ ವಸ್ತುಗಳಿಂದ ಕುಶಲಕರ್ಮಿಗಳಿಗೆ ಅನ್ನ ದೊರೆಯುತ್ತದೆಂದು ಕೆಲವರು ವಾದಿಸುತ್ತಾರೆ. 1929ರಲ್ಲಿ ಸ್ವಿಟ್ಜರ್ಲೆಂಡಿನ ಲಿಕೂಲ್ಟ್ರ್ ಕಾರ್ಖಾನೆಯು, ಒಡವೆಯೊಳಗೆ ಅಡಗುವಂತೆ, ಸುಮಾರು ಒಂದು ಗ್ರಾಂ ತೂಕದ ‘101’ ಎಂಬ ಯಂತ್ರವನ್ನು ನಿರ್ಮಿಸಿತು. ಆ ಕೈಚಳಕವನ್ನು ನಿಂದಿಸುವವರು ಯಾರು? ಆದರೆ ಮಾಡುವವನ ಕೌಶಲವು ಕೊಳ್ಳುವವನ ಮೋಹಕ್ಕೆ ಸಮರ್ಥನೆಯಾಗದು.

ಪರಿಗ್ರಹ ಪರಿಮಾಣ ವ್ರತವನ್ನು ಸ್ವೀಕರಿಸಿದ ಶ್ರಾವಕನು ಚಿನ್ನಬೆಳ್ಳಿಗೆ ಮಿತಿ ಹಾಕಿಕೊಂಡು, ರತ್ನಖಚಿತ ಗಡಿಯಾರವನ್ನು ‘ಉಪಯೋಗದ ವಸ್ತು’ ಎಂದು ಬೇರೆ ಖಾತೆಗೆ ಬರೆದರೆ ಅದು ಲೆಕ್ಕದ ಜಾಣತನವೇ ಹೊರತು ವ್ರತಪಾಲನೆಯಲ್ಲ. ವಸ್ತುವಿನ ಹೆಸರು ಬದಲಾದ ಮಾತ್ರಕ್ಕೆ ಮೂರ್ಛೆ ಕಳೆಯುವುದಿಲ್ಲ. ವಿವಾಹದಲ್ಲಿ ವರನಿಗೆ ಕೊಡುವುದಿರಲಿ, ಸಭೆಯಲ್ಲಿ ದಾನಿಗೆ ಅರ್ಪಿಸುವುದಿರಲಿ, ಅಂತಹ ಗಡಿಯಾರವನ್ನು ಆಭರಣದ ಖಾತೆಗೇ ಬರೆಯತಕ್ಕದ್ದು. ಜಿನೀವಾದ ಹಿತ್ತಿಲ ಬಾಗಿಲು ಶ್ರಾವಕರ ಮನೆಗಳಲ್ಲಿ ತೆರೆಯಬಾರದು.

ಸಾಮಾಯಿಕಕ್ಕೆ ಬೇಕಾದುದು 48 ನಿಮಿಷಗಳ ಒಂದು ಮುಹೂರ್ತ. ಗೋಡೆಯ ಮೇಲಿನ ಹಳೆಯ ಗಡಿಯಾರವೂ ಅದನ್ನು ತಪ್ಪದೆ ಅಳೆಯುತ್ತದೆ. ವಜ್ರದ ಗಡಿಯಾರವು ಅದಕ್ಕೆ ಒಂದು ಕ್ಷಣವನ್ನೂ ಸೇರಿಸಲಾರದು.