ಹಟ್ಟಿಯ ಮಾತು ಬರೀಬಾರದಂತೆ!

ಹೊಸ ವರ್ಷಕ್ಕೆ ಏನು ಸಂಕಲ್ಪ ಅಂತ ಎಲ್ಲರೂ ಕೇಳ್ತಾರೆ. ನ್ಯೂಯಾರ್ಕಿನ ಚಳಿಯಲ್ಲಿ ಓದುತ್ತಿರುವ ಹಟ್ಟಿಯ ಮಕ್ಕಳು ನಾವು. ಮೊದಲು ಒಂದು ಲೆಕ್ಕ ಕೇಳಬೇಕಾಗಿದೆ.

1913ರಲ್ಲಿ ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಿಂದ ಬಾಬಾಸಾಹೇಬರು ಇದೇ ಊರಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಬಂದರು. 1916ರ ಮೇ 9ರಂದು ಭಾರತದ ಜಾತಿಗಳ ಹುಟ್ಟಿನ ಬಗ್ಗೆ ಇಲ್ಲೇ ಪ್ರಬಂಧ ಓದಿದರು. ರಾಜನ ದುಡ್ಡು ಅವರ ಬಾಯಿ ಕಟ್ಟಲಿಲ್ಲ.

ಪ್ರಜಾಪ್ರಭುತ್ವದ ದುಡ್ಡು ಏನು ಮಾಡಿತು? ಪರಿಶಿಷ್ಟರು ಹೊರದೇಶದಲ್ಲಿ ಓದಲೆಂದು ಕೇಂದ್ರ ಸರ್ಕಾರ ಕೊಡುವ ವಿದ್ಯಾರ್ಥಿವೇತನಕ್ಕೆ 2022ರಲ್ಲಿ ಹೊಸ ನಿಯಮ ಬಂತು. ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಸಮಾಜದ ಅಧ್ಯಯನಕ್ಕೆ ದುಡ್ಡಿಲ್ಲ. ಅದನ್ನೆಲ್ಲ ದೇಶದಲ್ಲೇ ಓದಬಹುದಂತೆ! ಅಂದರೆ, ಸೇತುವೆ ಕಟ್ಟೋದು ಕಲೀರಿ, ಕಂಪ್ಯೂಟರ್ ಕಲೀರಿ. ನಿಮ್ಮವ್ವನ ಬೆನ್ನಿನ ಬಾಸುಂಡೆ ಬಗ್ಗೆ ಮಾತ್ರ ಕೇಳಬೇಡಿ. ಅಂಬೇಡ್ಕರರೇ ಜಾತಿಯ ವಿಷಯ ಹಿಡಿದು ಅರ್ಜಿ ಹಾಕಿದ್ದರೂ ಕಾಸು ಹುಟ್ಟುತ್ತಿರಲಿಲ್ಲ.

ದೇಶದಲ್ಲೇ ಓದಬಹುದು, ನಿಜ. ಆದರೆ ಅಲ್ಲಿ ಗೈಡೂ ಅವರೇ, ಪರೀಕ್ಷಕರೂ ಅವರೇ ಆದಾಗ, ಅಂಜದೆ ಬರೆಯೋದು ಎಲ್ಲಿ ಸ್ವಾಮಿ?

1927ರ ಜನವರಿ 1ರಂದು ಬಾಬಾಸಾಹೇಬರು ಕೋರೆಗಾಂವದ ವಿಜಯಸ್ತಂಭದ ಮುಂದೆ ನಿಂತಿದ್ದರು. ನಮಗೆ ಈ ದಿನ ಕೇಕು ಕತ್ತರಿಸುವ ದಿನವಲ್ಲ. ನಮ್ಮ ಥೀಸಿಸ್ಸಿನ ವಿಷಯ ಏನೇ ಇರಲಿ, ಈ ವರ್ಷ ಜಾತಿಯ ಬಗ್ಗೆ ಬರೀತೀವಿ. ಕನ್ನಡದಲ್ಲೇ ಬರೀತೀವಿ. ಹಳ್ಳಿಯ ಮೇಷ್ಟ್ರು ಮಕ್ಕಳಿಗೆ ಓದಿ ಹೇಳೋ ಹಾಗೆ ಬರೀತೀವಿ. ಅದಕ್ಕೆ ಯಾರ ಮಂಜೂರಾತಿಯೂ ಬೇಕಿಲ್ಲ.